ಹಳೇ ಸ್ಟೀರಿಯೋ ಕ್ಯಾಮೆರಾದ ಜೋಡಿ ಲೆನ್ಸು: ಒಳಗಿನ ಡಿಸೈನ್ ಗುರುತಿಸೋದು, ಜೋಡಿ ಸರಿಯಿದ್ಯಾ ನೋಡೋದು, ಸೆಟ್ ಮಾಡೋದು

ಚಿಕ್ಕಪೇಟೆ ಸಂಡೇ ಬಜಾರಲ್ಲಿ ನಂಗೊಂದು ಸ್ಪುಟ್ನಿಕ್ ಸಿಕ್ಕಿತ್ತು, ಹಳೇ ಸೋವಿಯತ್ ಸ್ಟೀರಿಯೋ ಕ್ಯಾಮೆರಾ, ಅಂದ್ರೆ ನಮ್ ಎರಡು ಕಣ್ಣಿನ ಥರ ಒಟ್ಟಿಗೆ ಎರಡು ಫೋಟೋ ತೆಗ್ಯೋದು, ಕಪ್ಪು ಬೇಕಲೈಟ್ ಬಾಡಿ, ಮುಂದೆ ಸಾಲಾಗಿ ಮೂರು ಲೆನ್ಸು, ಮಧ್ಯದ್ದು ನೋಡೋಕೆ, ಅಕ್ಕಪಕ್ಕದ್ದು ಫೋಟೋ ತೆಗ್ಯೋಕೆ. ಮೊದಲ್ನೇ ರೋಲ್ ಲಾಲ್‌ಬಾಗಲ್ಲಿ ಹೊಡ್ದೆ, ಎಡಗಡೆ ಫೋಟೋ ಚೆನ್ನಾಗಿದೆ, ಬಲಗಡೆದೂ ಬೇರೆಯಾಗಿ ನೋಡಿದ್ರೆ ಚೆನ್ನಾಗೇ ಇದೆ, ಆದ್ರೆ ಎರಡನ್ನೂ ವ್ಯೂವರಲ್ಲಿಟ್ಟು (ಒಂದೊಂದು ಕಣ್ಣಿಗೆ ಒಂದೊಂದು ಫೋಟೋ ತೋರಿಸಿ ಆಳ ಕಾಣಿಸೋ ಡಬ್ಬಿ) ನೋಡಿದ್ರೆ ಎರಡು ನಿಮಿಷಕ್ಕೆ ಹುಬ್ಬಿನ ನಡುವೆ ನೋವು ಶುರು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಥೇಟ್ ಹಂಗೆ. ಕಾರಣ ಹುಡುಕೋಕೆ ನಂಗೆ ಸುಮಾರು ಒಂದು ಮಳೆಗಾಲ ಪೂರ್ತಿ ಬೇಕಾಯ್ತು. ಅಷ್ಟು ದಿನದಲ್ಲಿ ಗೊತ್ತಾಗಿದ್ದು ಏನಂದ್ರೆ ಸ್ಟೀರಿಯೋ ಕ್ಯಾಮೆರಾದ ಲೆನ್ಸನ್ನ ಮಾಮೂಲಿ ಲೆನ್ಸ್ ಥರ ಅಳೀಬಾರ್ದು, ಎಷ್ಟು ಶಾರ್ಪು ಅನ್ನೋದು ಆಮೇಲಿನ ಮಾತು, ಎರಡೂ ಒಂದೇ ಥರ ಇದ್ಯಾ ಅನ್ನೋದೇ ಮೊದಲ್ನೇ ಪ್ರಶ್ನೆ. ಅದನ್ನ ಮನೇಲೇ ನೋಡ್ಕೊಳ್ಳೋದು ಹೆಂಗೆ ಅಂತ ನಾನು ಮಾಡಿದ ಕ್ರಮದಲ್ಲೇ ಹೇಳ್ತೀನಿ.

ಮೊದ್ಲು ಒಳಗೆ ಏನಿದೆ ಅಂತ ತಿಳ್ಕೊಳ್ಳಿ

ಹಳೇ ಸ್ಟೀರಿಯೋ ಕ್ಯಾಮೆರಾ ಕೈಗೆ ಸಿಕ್ಕಿದ್ರೆ ಅದರಲ್ಲಿ ಹೆಚ್ಚುಕಮ್ಮಿ ಎರಡೇ ಜಾತಿ ಲೆನ್ಸ್ ಇರತ್ತೆ: ಟ್ರಿಪ್ಲೆಟ್ ಇಲ್ಲಾ ಟೆಸ್ಸಾರ್. ಗಾಜಿನ ಪ್ಲೇಟ್ ಕಾಲದ ಕ್ಯಾಮೆರಾಗಳಲ್ಲಿ ರ‍್ಯಾಪಿಡ್ ರೆಕ್ಟಿಲಿನಿಯರ್ ಥರದ್ದೂ ಸಿಗತ್ತೆ, ಅದರಲ್ಲಿ ಅಪರ್ಚರ್‌ನ (ಬೆಳಕು ಬಿಡೋ ಕಿಂಡಿ) ಎರಡೂ ಕಡೆ ಒಂದೇ ಥರದ ಅಂಟಿಸಿದ ಜೋಡಿ ಗಾಜು ಇರತ್ತೆ, ಆದ್ರೆ ಅದು ನಮ್ ಕಡೆ ಅಪರೂಪ, ಅದನ್ನಿಲ್ಲಿಗೇ ಬಿಡ್ತೀನಿ.

ಟ್ರಿಪ್ಲೆಟ್ ಅಂದ್ರೆ ಮೂರೇ ಗಾಜು. 1893ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಿನ ಕುಕ್ ಕಂಪನೀಲಿ ಕೆಲಸ ಮಾಡ್ತಿದ್ದ ಡೆನ್ನಿಸ್ ಟೇಲರ್ ಇದಕ್ಕೆ ಪೇಟೆಂಟ್ ತಗೊಂಡ್ರು. ಹೈಸ್ಕೂಲಲ್ಲಿ ಪೀನ ಮಸೂರ ನಿಮ್ನ ಮಸೂರ ಅಂತ ಓದಿದ್ವಲ್ಲ, ಆಚೆ ಈಚೆ ಎರಡು ಪೀನ, ಮಧ್ಯದಲ್ಲಿ ಒಂದು ಬಲವಾದ ನಿಮ್ನ, ಮೂರರ ನಡುವೆಯೂ ಗಾಳಿ. ಹೊರಗಿನ ಎರಡು ಕ್ರೌನ್ ಗಾಜು (ಬಣ್ಣ ಕಮ್ಮಿ ಚದುರಿಸೋದು), ಮಧ್ಯದ್ದು ಫ್ಲಿಂಟ್ (ಜಾಸ್ತಿ ಚದುರಿಸೋದು), ಬಣ್ಣ ಚದುರೋದನ್ನ ಮಧ್ಯದ್ದು ವಾಪಸ್ ಎಳ್ಕೊಳ್ಳತ್ತೆ. ಇದರ ಸೊಗಸು ಲೆಕ್ಕದಲ್ಲಿದೆ. ಡಿಸೈನರ್ ಕೈಯಲ್ಲಿ ಬದಲಾಯಿಸೋಕೆ ಸಿಗೋದು ಆರು ಮೇಲ್ಮೈಗಳ ಬಾಗು, ಎರಡು ಗಾಳಿ ಸಂದು, ಒಟ್ಟು ಎಂಟು. ಸರಿಮಾಡ್ಬೇಕಾಗಿರೋ ಮುಖ್ಯ ದೋಷಗಳು ಏಳು, ಅದರ ಜೊತೆ ಫೋಕಲ್ ಲೆಂತ್ (ದೂರದ್ದು ಫಿಲ್ಮ್ ಮೇಲೆ ಎಷ್ಟು ದೊಡ್ಡದಾಗಿ ಬೀಳತ್ತೆ ಅಂತ ತೀರ್ಮಾನ ಮಾಡೋ ಅಳತೆ) ಬೇಕಾದಷ್ಟು ಬರ್ಬೇಕು, ಅದೂ ಸೇರಿ ಎಂಟು. ಅಂದ್ರೆ ಎಷ್ಟು ಬೇಕೋ ಅಷ್ಟೇ, ಒಂದು ಗಾಜೂ ದಂಡ ಇಲ್ಲ. ಆದ್ರೆ ಇದೇ ಕಾರಣಕ್ಕೆ ಇದು ನಾಜೂಕು, ಮಧ್ಯದ ನಿಮ್ನ ಗಾಜು ಒಂಚೂರು ಓರೆಯಾದ್ರೂ, ಉಲ್ಟಾ ಕೂತ್ರೂ ಎಲ್ಲಾ ಲೆಕ್ಕ ತಪ್ಪತ್ತೆ.

ಟೆಸ್ಸಾರ್ 1902ರದ್ದು, ಜೈಸ್ ಕಂಪನಿಯ ಪಾಲ್ ರುಡಾಲ್ಫ್ ಅವ್ರದ್ದು. ನೋಡೋಕೆ ಟ್ರಿಪ್ಲೆಟ್ ಥರನೇ ಮೂರು ಗುಂಪು, ಆದ್ರೆ ಹಿಂದಿನ ಗುಂಪಲ್ಲಿ ಒಂದರ ಬದ್ಲು ಎರಡು ಗಾಜು ಅಂಟಿಸಿರ್ತಾರೆ, ಒಟ್ಟು ನಾಲ್ಕು. ಆ ಅಂಟಿನ ಮೇಲ್ಮೈಯಿಂದ ಮೂಲೆಗಳು ಸುಧಾರಿಸತ್ತೆ.

ಈಗ ಯಾವ ಕ್ಯಾಮೆರಾದಲ್ಲಿ ಯಾವುದು. ಅಮೆರಿಕದ ಮಿಲ್ವಾಕಿಯ ಡೇವಿಡ್ ವೈಟ್ ಕಂಪನಿ 1947ರಿಂದ ಮಾರಿದ ಸ್ಟೀರಿಯೋ ರಿಯಲಿಸ್ಟ್‌ನ 35 ಎಂಎಂ ಎಫ್/3.5 ಮಾಡೆಲ್ಲು ಟ್ರಿಪ್ಲೆಟ್ (ಎಂಎಂ ಅಂದ್ರೆ ಫೋಕಲ್ ಲೆಂತ್, ಎಫ್ ಅಂದ್ರೆ ಅಪರ್ಚರ್ ಅಳತೆ, ನಂಬರ್ ಜಾಸ್ತಿಯಾದಷ್ಟೂ ಕಿಂಡಿ ಸಣ್ಣದು). ಕೊಡಾಕ್ ಸ್ಟೀರಿಯೋದ ಅನಾಸ್ಟನ್ ಟ್ರಿಪ್ಲೆಟ್. ಎಡಿಕ್ಸಾ ಸ್ಟೀರಿಯೋದ ಕಸ್ಸಾರ್ ಟ್ರಿಪ್ಲೆಟ್. ವ್ಯೂ ಮಾಸ್ಟರ್ ಪರ್ಸನಲ್ ಕ್ಯಾಮೆರಾದ 25 ಎಂಎಂ ಟ್ರಿಪ್ಲೆಟ್, ಸ್ಪುಟ್ನಿಕ್‌ನ ಟಿ-22, 75 ಎಂಎಂ ಎಫ್/4.5, ಅದೂ ಟ್ರಿಪ್ಲೆಟ್. ಟೆಸ್ಸಾರ್ ಬೇಕಂದ್ರೆ 1920ರ ದಶಕದ ಹೈಡೋಸ್ಕೋಪ್, ರೋಲೈಡೋಸ್ಕೋಪ್, ಡ್ರೆಸ್ಡೆನ್‌ನ ಬೆಲ್‌ಪ್ಲಾಸ್ಕಾ, ಇನ್ನು ಖಾರ್ಕಿವ್‌ನ ಫೆಡ್ ಸ್ಟೀರಿಯೋದಲ್ಲಿರೋ ಇಂಡಸ್ಟಾರ್-81 ಕೂಡ ಟೆಸ್ಸಾರ್ ಜಾತಿನೇ.

ಪಟ್ಟಿ ನೋಡಿ "ಅಯ್ಯೋ ಜಾಸ್ತಿ ಎಲ್ಲಾ ಅಗ್ಗದ ಟ್ರಿಪ್ಲೆಟ್ಟೇ" ಅಂತ ಮೂಗು ಮುರೀಬೇಡಿ, ನಾನೂ ಮೊದ್ಲು ಹಂಗೇ ಅನ್ಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. ಟ್ರಿಪ್ಲೆಟ್ ಆರಾಮಾಗಿ ಕವರ್ ಮಾಡೋದು ಸುಮಾರು 50 ಡಿಗ್ರಿ. ಮಾಮೂಲಿ 24×36 ಎಂಎಂ ಫ್ರೇಮಿಗೆ 35 ಎಂಎಂ ಲೆನ್ಸ್ ಹಾಕಿದ್ರೆ ಮೂಲೆಯಿಂದ ಮೂಲೆಗೆ 63 ಡಿಗ್ರಿ ಬೇಕಾಗತ್ತೆ, ಅಲ್ಲಿ ಟ್ರಿಪ್ಲೆಟ್ ಒದ್ದಾಡತ್ತೆ. ಆದ್ರೆ ರಿಯಲಿಸ್ಟ್ ಫ್ರೇಮು ಸುಮಾರು 23×24, ಅದೇ 35 ಎಂಎಂಗೆ ಬೇಕಾಗೋದು 51 ಡಿಗ್ರಿ ಅಷ್ಟೇ. ಮೂಲೆ ಹಾಳಾಗೋ ಜಾಗ ಶುರುವಾಗೋ ಮುಂಚೆನೇ ಫ್ರೇಮ್ ಮುಗ್ದಿರತ್ತೆ! ಅದೂ ಅಲ್ದೆ ಸ್ಟೀರಿಯೋದಲ್ಲಿ ಹತ್ರದಿಂದ ದೂರದವರೆಗೂ ಎಲ್ಲಾ ಶಾರ್ಪ್ ಇರ್ಬೇಕಾದ್ರಿಂದ ಎಫ್/8, ಎಫ್/11ರಲ್ಲೇ ತೆಗ್ಯೋದು, ಅಷ್ಟು ಮುಚ್ಚಿದ್ರೆ ಟ್ರಿಪ್ಲೆಟ್ಟಿಗೂ ಟೆಸ್ಸಾರ್‌ಗೂ ವ್ಯತ್ಯಾಸ ಕಣ್ಣಿಗೆ ಕಾಣೋದು ಕಷ್ಟ. ಸ್ಪುಟ್ನಿಕ್ ಕಥೆ ಬೇರೆ, 6×6 ಸೆಂ.ಮೀ. ಫ್ರೇಮಿಗೆ 75 ಎಂಎಂ ಅಂದ್ರೆ 56 ಡಿಗ್ರಿ ಹತ್ರ ಹೋಗತ್ತೆ, ಅದಕ್ಕೇ ಅದರ ಮೂಲೆ ಮೆತ್ತಗಿರೋದು, ಎಫ್/16ಕ್ಕೆ ಮುಚ್ಚಿದ್ರೆ ವಾಸಿ.

ಟಾರ್ಚ್ ಹಾಕಿ ಪ್ರತಿಫಲನ ಎಣಿಸಿ

ಲೆನ್ಸ್ ಮೇಲೆ ಹೆಸರು ಅಳಿಸಿ ಹೋಗಿದ್ರೆ, ಅಥವಾ ಒಳಗೆ ಯಾರೋ ಬೇರೆ ಲೆನ್ಸ್ ಹಾಕಿದಾರೆ ಅಂತ ಅನುಮಾನ ಇದ್ರೆ ಇದೊಂದೇ ಪರೀಕ್ಷೆ ಸಾಕು. ರೂಮ್ ಕತ್ತಲೆ ಮಾಡಿ, ಶಟರ್ ಮುಚ್ಚಿರ್ಲಿ, ಮೊಬೈಲ್ ಟಾರ್ಚನ್ನ ಸ್ವಲ್ಪ ಓರೆಯಾಗಿ ಹಿಡಿದು ಲೆನ್ಸ್ ಒಳಗೆ ನೋಡಿ. ಗಾಳಿ ಗಾಜಿಗೆ ತಾಗೋ ಪ್ರತಿಯೊಂದು ಮೇಲ್ಮೈಯಿಂದ ಒಂದೊಂದು ಬೆಳಕಿನ ಚುಕ್ಕಿ ಕಾಣತ್ತೆ. ಸಾಮಾನ್ಯವಾಗಿ ಈ ಎರಡೂ ಜಾತೀಲಿ ಶಟರ್ ಮುಂದೆ ಎರಡು ಗಾಜು, ಅಂದ್ರೆ ಮುಂದಿನಿಂದ ನಾಲ್ಕು ಚುಕ್ಕಿ. ಈಗ ಹಿಂದಿನ ಡೋರ್ ತೆಗೆದು ಹಿಂದಿನಿಂದ ನೋಡಿ: ಎರಡೇ ಚುಕ್ಕಿ ಇದ್ರೆ ಟ್ರಿಪ್ಲೆಟ್, ಎರಡು ಜೋರಾಗಿರೋದರ ಜೊತೆ ಒಂದು ತೀರಾ ಮಂಕು ಚುಕ್ಕಿ ಇದ್ರೆ ಟೆಸ್ಸಾರ್. ಆ ಮಂಕು ಚುಕ್ಕಿ ಅಂಟಿನ ಮೇಲ್ಮೈದು, ಎರಡು ಗಾಜಿನ ನಡುವೆ ಗಾಳಿ ಇಲ್ದೇ ಇರೋದ್ರಿಂದ ಬೆಳಕು ಅಲ್ಲಿ ಅಷ್ಟು ವಾಪಸ್ ಬರಲ್ಲ. ಹಳೇ ಅಂಟು ಕೆನಡಾ ಬಾಲ್ಸಮ್ ಅನ್ನೋ ಮರದ ಗೋಂದು, ಅದು ಬಿಟ್ಕೊಂಡಿದ್ರೆ ಅಂಚಲ್ಲಿ ಕಾಮನಬಿಲ್ಲಿನ ಬಣ್ಣ ಅಥವಾ ಹಳದಿ ಕಲೆ ಕಾಣತ್ತೆ.

ಚುಕ್ಕಿಗಳ ಬಣ್ಣಾನೂ ನೋಡಿ, ಇದು ಜೋಡಿ ಪರೀಕ್ಷೆಯ ಮೊದಲ್ನೇ ಮೆಟ್ಲು. ಕೋಟಿಂಗ್ (ಪ್ರತಿಫಲನ ಕಮ್ಮಿ ಮಾಡೋ ತೆಳು ಲೇಪ) ಇದ್ರೆ ನೀಲಿ, ನೇರಳೆ, ಕಂದು ಛಾಯೆ, ಇಲ್ದಿದ್ರೆ ಬಿಳಿ. ಎಡಗಡೆ ನೇರಳೆ ಬಲಗಡೆ ಬಿಳಿ ಅಂದ್ರೆ ಅದು ಹುಟ್ಟಿದ ಜೋಡಿ ಅಲ್ಲ. ಕೋಟಿಂಗ್ ಇಲ್ದಿರೋ ಗಾಜು ಒಂದೊಂದು ಮೇಲ್ಮೈಗೆ ಸುಮಾರು 4 ಪರ್ಸೆಂಟ್ ಬೆಳಕು ವಾಪಸ್ ಕಳ್ಸತ್ತೆ, ಆರು ಮೇಲ್ಮೈ ದಾಟೋ ಹೊತ್ತಿಗೆ ಉಳಿಯೋದು 78 ಪರ್ಸೆಂಟ್. ಒಂದು ಕಣ್ಣಿಗೆ ಕೋಟಿಂಗ್ ಇದ್ದು ಇನ್ನೊಂದಕ್ಕಿಲ್ದಿದ್ರೆ ಬೆಳಕಲ್ಲಿ ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಎರಡು ಪಟ್ಟು) ಆಸುಪಾಸು ವ್ಯತ್ಯಾಸ, ಜೊತೆಗೆ ಒಂದರಲ್ಲಿ ಕಾಂಟ್ರಾಸ್ಟ್ ಕಮ್ಮಿ.

ಇದೇ ಹೊತ್ತಲ್ಲಿ ಎರಡೂ ಅಪರ್ಚರ್ ಒಟ್ಟಿಗೆ ಒಂದೇ ಅಳತೆಗೆ ಮುಚ್ತವಾ, ಶಟರ್ ಎರಡೂ ಒಟ್ಟಿಗೆ ತೆರೀತವಾ ನೋಡ್ಕೊಂಡ್ಬಿಡಿ.

ಫೋಕಸ್ ಹೆಂಗೆ ನಡ್ಯತ್ತೆ ಅಂತ ಪತ್ತೆ ಮಾಡಿ

ಇದನ್ನ ಯಾರೂ ಮೊದ್ಲು ನೋಡಲ್ಲ, ಆದ್ರೆ ನನ್ನ ತಲೆನೋವಿನ ಮೂಲ ಇಲ್ಲೇ ಇತ್ತು. ಸ್ಟೀರಿಯೋ ರಿಯಲಿಸ್ಟಲ್ಲಿ ಲೆನ್ಸು ಅಲ್ಲಾಡೋದೇ ಇಲ್ಲ, ಫೋಕಸ್ ಚಕ್ರ ತಿರುಗಿಸಿದ್ರೆ ಹಿಂದೆ ಫಿಲ್ಮ್ ಕೂರೋ ತಟ್ಟೆ ಮುಂದೆ ಹಿಂದೆ ಹೋಗತ್ತೆ. ಸೇಟನ್ ರಾಕ್‌ವೈಟ್ ಅನ್ನೋರ ಡಿಸೈನ್ ಅದು, ನಂಗಂತೂ ಇದರ ಮೇಲೆ ತುಂಬಾ ಗೌರವ. ಲೆನ್ಸ್ ಮುಟ್ಟದೇ ಇರೋದ್ರಿಂದ ಎರಡರ ಫೋಕಲ್ ಲೆಂತ್, ಎತ್ತರ, ನಡುವಿನ 70 ಎಂಎಂ ದೂರ ಯಾವತ್ತೂ ಬದಲಾಗಲ್ಲ. ಇನ್ನೊಂದು ಜಾಣತನ ಇದೆ. ಲೆನ್ಸುಗಳ ದೂರ 70, ಆದ್ರೆ ಎರಡು ಫ್ರೇಮುಗಳ ದೂರ 71.25, ಅಂದ್ರೆ ಫಿಲ್ಮಿನ ಅಂಚಲ್ಲಿರೋ 15 ತೂತಿನ ಅಳತೆ, ಒಂದೊಂದು ತೂತಿಗೆ 4.75 ಎಂಎಂ ಲೆಕ್ಕ. ಈ 1.25 ಎಂಎಂ ವ್ಯತ್ಯಾಸದಿಂದ ಚಿತ್ರದ ಚೌಕಟ್ಟು ಸುಮಾರು 2 ಮೀಟರ್ ದೂರದಲ್ಲಿ ನಿಂತಿರೋ ಕಿಟಕಿ ಥರ ಕಾಣತ್ತೆ, 35 ಇಂಟು 70 ಭಾಗ 1.25 ಮಾಡಿ ನೋಡಿ, 1960 ಎಂಎಂ ಬರತ್ತೆ.

ಸ್ಪುಟ್ನಿಕ್ ಹಂಗಲ್ಲ. ಅದು ಲುಬಿಟೆಲ್ ಅನ್ನೋ ಅಗ್ಗದ ಸೋವಿಯತ್ ಕ್ಯಾಮೆರಾದ ವಂಶದ್ದು, ಮುಂದಿನ ಗಾಜು ಒಂದೇ ತಿರುಗತ್ತೆ, ಮೂರೂ ಲೆನ್ಸ್ ಸುತ್ತ ಹಲ್ಲಿನ ರಿಂಗ್ ಇದ್ದು ಒಂದಕ್ಕೊಂದು ಕಚ್ಕೊಂಡಿರತ್ತೆ. ಮೊದಲ್ನೇ ಗಾಜಿಗೂ ಎರಡ್ನೇ ಗಾಜಿಗೂ ನಡುವಿನ ಸಂದು ಜಾಸ್ತಿಯಾದ್ರೆ ಇಡೀ ಲೆನ್ಸಿನ ಫೋಕಲ್ ಲೆಂತ್ ಕಮ್ಮಿಯಾಗತ್ತೆ, ಅದ್ರಿಂದ ಹತ್ರದ್ದು ಫೋಕಸ್ ಆಗತ್ತೆ. ಅಗ್ಗದ ಉಪಾಯ, ಕೆಲಸಾನೂ ಮಾಡತ್ತೆ. ಆದ್ರೆ ಯೋಚ್ನೆ ಮಾಡಿ, ಒಂದು ಲೆನ್ಸಿನ ರಿಂಗ್ ಒಂದೆರಡು ಹಲ್ಲು ಜಾರಿ ಕೂತಿದ್ರೆ ಏನಾಗತ್ತೆ? ಫೋಕಸ್ ತಪ್ಪೋದು ಮಾತ್ರ ಅಲ್ಲ, ಆ ಕಡೆ ಚಿತ್ರದ ಸೈಜೇ ಬೇರೆ ಆಗತ್ತೆ. ನನ್ನದ್ರಲ್ಲಿ ಹಿಂದೆ ಯಾರೋ ಬಿಚ್ಚಿ ಕ್ಲೀನ್ ಮಾಡಿ ವಾಪಸ್ ಹಾಕೋವಾಗ ಬಲಗಡೆದನ್ನ ಹಂಗೇ ಕೂರಿಸಿದ್ರು, ಇನ್ಫಿನಿಟಿ (ತೀರಾ ದೂರ) ಅಂತ ಇಟ್ರೂ ಅದು ನೋಡ್ತಿದ್ದಿದ್ದು ಐದಾರು ಮೀಟರ್ ದೂರಕ್ಕೆ. ಎಫ್/16ರಲ್ಲಿ ತೆಗೆದಿದ್ರಿಂದ ಮಸುಕು ಮೊದಲ ನೋಟಕ್ಕೆ ಗೊತ್ತಾಗ್ಲಿಲ್ಲ, ಆದ್ರೆ ಬಲಗಡೆ ಚಿತ್ರ ಒಂದು ಪರ್ಸೆಂಟಿಗಿಂತ ಜಾಸ್ತಿ ಸಣ್ಣದಾಗಿತ್ತು.

ಒಂದು ಪರ್ಸೆಂಟ್ ಏನ್ ಮಹಾ ಅನ್ನಿಸಬಹುದು. 6×6 ಫ್ರೇಮಲ್ಲಿ ಮಧ್ಯದಿಂದ ಅಂಚಿಗೆ 28 ಎಂಎಂ, ಅದರ ಒಂದು ಪರ್ಸೆಂಟ್ 0.28 ಎಂಎಂ. ಅಡ್ಡಡ್ಡ ಇಷ್ಟು ವ್ಯತ್ಯಾಸ ಆದ್ರೆ ಕಣ್ಣು ಅದನ್ನ ಆಳ ಅಂತ ಓದ್ಕೊಂಡ್ಬಿಡತ್ತೆ, ಆದ್ರೆ ಮೇಲಿನ ಅಂಚಲ್ಲಿ ಇದೇ ವ್ಯತ್ಯಾಸ ಮೇಲೆ ಕೆಳಗೆ ಬೀಳತ್ತಲ್ಲ, ಅದನ್ನ ಸರಿಮಾಡೋಕೆ ಒಂದು ಕಣ್ಣು ಮೇಲೆ ಇನ್ನೊಂದು ಕೆಳಗೆ ತಿರುಗ್ಬೇಕು, ನಮ್ ಕಣ್ಣಿಗೆ ಅದು ಅಭ್ಯಾಸ ಇಲ್ಲ. ನೋವು ಬರೋದು ಅಲ್ಲಿಂದ.

ಇನ್ಫಿನಿಟಿ ಸೆಟ್ ಮಾಡೋದು

ಬೇಕಾಗೋದು: ಸಣ್ಣ ವಾಚ್ ರಿಪೇರಿ ಸ್ಕ್ರೂಡ್ರೈವರ್ ಸೆಟ್ಟು, ಡೆವಲಪ್ ಆಗಿರೋ ಫಿಲ್ಮಿನ ಪೂರ್ತಿ ಕಪ್ಪು ತುಂಡು, ಸೂಜಿ, ಸ್ಟೀಲ್ ಸ್ಕೇಲು, ಒಂದು ಡಿಜಿಟಲ್ ಕ್ಯಾಮೆರಾ. ಸ್ಪುಟ್ನಿಕ್‌ಗೆ 135 ಎಂಎಂ ಆಸುಪಾಸಿನ ಲೆನ್ಸ್, 35 ಎಂಎಂ ಲೆನ್ಸಿನ ಕ್ಯಾಮೆರಾಗಳಿಗೆ 50 ಎಂಎಂ ಸಾಕು.

ಫಿಲ್ಮ್ ತುಂಡಿನ ಎಮಲ್ಶನ್ ಕಡೆ, ಅಂದ್ರೆ ಹೊಳಪಿಲ್ಲದ ಕಡೆ, ಸೂಜೀಲಿ ಎರಡು ಗೆರೆ ಸರಿಯಾಗಿ 10 ಎಂಎಂ ದೂರದಲ್ಲಿ ಗೀರಿ, ಅಡ್ಡಕ್ಕೊಂದು ಗೆರೆನೂ ಎಳೀರಿ. ಕ್ಯಾಮೆರಾ ಹಿಂದೆ ಫಿಲ್ಮ್ ಕೂರೋ ಹಳಿ ಮೇಲೆ ಗೀರಿದ ಕಡೆ ಲೆನ್ಸಿಗೆ ಮುಖ ಮಾಡಿ ಚಪ್ಪಟೆಯಾಗಿ ಕೂರೋ ಹಂಗೆ ಟೇಪ್ ಹಾಕಿ. ಉಬ್ಬಿದ್ರೆ ಎಲ್ಲಾ ಕೆಲಸ ವ್ಯರ್ಥ, ಮೇಲೆ ಒಂದು ಮೈಕ್ರೋಸ್ಕೋಪ್ ಸ್ಲೈಡಿನ ಗಾಜು ಇಟ್ಟು ಒತ್ತಿ. ಹಿಂದಿನಿಂದ ಬಿಳಿ ಪೇಪರ್ ಅಡ್ಡ ಇಟ್ಟು ಎಲ್ಇಡಿ ಬೆಳಕು ಬಿಡಿ. ಶಟರ್ ಬಿ (ಒತ್ತಿರೋವರೆಗೂ ತೆರೆದೇ ಇರೋ ಸೆಟ್ಟಿಂಗ್) ಮೇಲಿಟ್ಟು ಲಾಕ್ ಆಗೋ ಕೇಬಲ್‌ನಿಂದ ತೆರೆದಿಡಿ, ಅಪರ್ಚರ್ ಪೂರ್ತಿ ತೆಗೀರಿ, ಫೋಕಸ್ ಇನ್ಫಿನಿಟಿ.

ಈಗ ಡಿಜಿಟಲ್ ಕ್ಯಾಮೆರಾ ತಗೊಂಡು ಟೆರೇಸಿಗೆ ಹೋಗಿ ಎರಡು ಮೂರು ಕಿಲೋಮೀಟರ್ ದೂರದ ಮೊಬೈಲ್ ಟವರ್‌ಗೆ ಸ್ಕ್ರೀನ್ ಝೂಮ್ ಮಾಡ್ಕೊಂಡು ಕೈಯಾರೆ ಫೋಕಸ್ ಮಾಡಿ, ರಿಂಗಿಗೆ ಟೇಪ್ ಹಾಕ್ಬಿಡಿ. ಲೆನ್ಸ್ ಮೇಲಿರೋ ಇನ್ಫಿನಿಟಿ ಗುರುತು ನಂಬ್ಬೇಡಿ. ಬೆಳಗ್ಗೆ ಬೇಗ ಮಾಡಿ, ಹನ್ನೊಂದು ಗಂಟೆ ಮೇಲೆ ಟೆರೇಸ್ ಕಾದು ಗಾಳಿ ಕುಣಿಯೋಕೆ ಶುರುವಾದ್ರೆ ಟವರ್ ಅಂಚು ನಿಲ್ಲಲ್ಲ.

ಕೆಳಗೆ ಬಂದು ಎರಡೂ ಕ್ಯಾಮೆರಾ ಮುಖಾಮುಖಿ ಇಟ್ಟು ಡಿಜಿಟಲ್‌ನಿಂದ ಸ್ಟೀರಿಯೋ ಲೆನ್ಸ್ ಒಳಗೆ ನೋಡಿ. ಸ್ಟೀರಿಯೋ ಲೆನ್ಸ್ ನಿಜವಾಗ್ಲೂ ಇನ್ಫಿನಿಟಿಯಲ್ಲಿದ್ರೆ ಫಿಲ್ಮ್ ಜಾಗದಲ್ಲಿರೋ ಗೀರು ಲೆನ್ಸಿಂದ ಆಚೆ ಬರೋವಾಗ ಸಮಾನಾಂತರ ಕಿರಣ ಆಗಿ ಬರತ್ತೆ, ಇನ್ಫಿನಿಟಿಗೆ ಸೆಟ್ ಆಗಿರೋ ನಿಮ್ಮ ಡಿಜಿಟಲ್ ಅದನ್ನ ಚೂಪಾಗಿ ತೋರ್ಸತ್ತೆ. ಮಸುಕಾಗಿದ್ರೆ ಹಲ್ಲಿನ ರಿಂಗಿನ ಸುತ್ತ ಇರೋ ಸಣ್ಣ ಸ್ಕ್ರೂ ಸಡಿಲ ಮಾಡಿ, ರಿಂಗನ್ನ ಇನ್ಫಿನಿಟಿಯಲ್ಲೇ ಹಿಡ್ಕೊಂಡು, ಒಳಗಿನ ಗಾಜಿನ ಬಳೆ ಮಾತ್ರ ಕೂದಲೆಳೆಯಷ್ಟು ತಿರುಗಿಸ್ತಾ ಗೀರು ಚೂಪಾಗೋ ಕಡೆ ನಿಲ್ಲಿಸಿ ಸ್ಕ್ರೂ ಬಿಗೀರಿ. ಬಿಗಿಯೋವಾಗ ಸ್ವಲ್ಪ ಜಾರತ್ತೆ, ಮತ್ತೆ ನೋಡಿ. ಬಿಚ್ಚೋ ಮುಂಚೆ ಪೆನ್ಸಿಲಲ್ಲಿ ಗುರುತು ಹಾಕಿ ಫೋಟೋ ತಗೊಳ್ಳೋದು ಮರೀಬೇಡಿ, ಥ್ರೆಡ್ ಬೇರೆ ಜಾಗದಲ್ಲಿ ಹಿಡ್ಕೊಂಡ್ರೆ ವಾಪಸ್ ಬರೋ ದಾರಿ ಅದೊಂದೇ. ಎರಡೂ ಕಡೆ ಆದ್ಮೇಲೆ ಮಧ್ಯದ ನೋಡೋ ಲೆನ್ಸನ್ನ ಅದರ ಗಾಜಿನ ಪರದೆ ನೋಡ್ಕೊಂಡು ಹೊಂದಿಸಿ, ಹಲ್ಲು ಕಚ್ಕೊಂಡಿರೋದ್ರಿಂದ ಅದು ಉಲ್ಟಾ ದಿಕ್ಕಿಗೆ ತಿರುಗತ್ತೆ, ಗಾಬರಿಯಾಗ್ಬೇಡಿ.

ಅದೇ ಗೀರಿಂದ ಫೋಕಲ್ ಲೆಂತ್ ಜೋಡಿ ನೋಡಿ

ಇನ್ಫಿನಿಟಿ ಸೆಟ್ ಆದ್ಮೇಲೆನೇ ಇದನ್ನ ಮಾಡ್ಬೇಕು, ಮುಂಚೆ ಮಾಡಿದ್ರೆ ಸುಳ್ಳು ಲೆಕ್ಕ ಬರತ್ತೆ. ಗೀರಿರೋ ಫಿಲ್ಮ್ ತುಂಡು ಅದೇ ಇರ್ಲಿ, ಎಡಗಡೆ ಇಟ್ಟು ಒಂದು ಫೋಟೋ, ಬಲಗಡೆ ಇಟ್ಟು ಒಂದು ಫೋಟೋ, ಡಿಜಿಟಲ್ ಫೋಕಸ್ ಮುಟ್ಟಬೇಡಿ. ಕಂಪ್ಯೂಟರಲ್ಲಿ ಎರಡು ಗೆರೆ ನಡುವಿನ ದೂರ ಪಿಕ್ಸೆಲ್‌ನಲ್ಲಿ ಅಳೀರಿ. 75 ಎಂಎಂ ಲೆನ್ಸ್ ಹಿಂದಿರೋ 10 ಎಂಎಂ, 135 ಎಂಎಂ ಲೆನ್ಸಿನ ಸೆನ್ಸಾರ್ ಮೇಲೆ 18 ಎಂಎಂ ಆಗಿ ಬೀಳತ್ತೆ, 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಸುಮಾರು 24 ಎಂಎಂ ಅಗಲದ) ಸೆನ್ಸಾರಲ್ಲಿ ಅದು ಸುಮಾರು 4600 ಪಿಕ್ಸೆಲ್, ಹಂಗಾಗಿ ಒಂದು ಪರ್ಸೆಂಟ್ ಅಂದ್ರೆ 46 ಪಿಕ್ಸೆಲ್, ಕಣ್ಣಿಗೆ ಹೊಡೆಯೋ ಹಂಗೆ ಕಾಣತ್ತೆ. ಜಾಸ್ತಿ ಪಿಕ್ಸೆಲ್ ಬಂದ ಕಡೆ ಫೋಕಲ್ ಲೆಂತ್ ಕಮ್ಮಿ ಅಂತ ಅರ್ಥ.

ಅರ್ಧ ಪರ್ಸೆಂಟ್ ಒಳಗಿದ್ರೆ ಖುಷಿಯಾಗಿರಿ. ಒಂದರ ಹತ್ರ ಇದ್ರೆ ಸ್ಕ್ಯಾನ್ ಮಾಡಿದ್ಮೇಲೆ ಒಂದು ಚಿತ್ರವನ್ನ ಅಷ್ಟು ದೊಡ್ಡದು ಮಾಡ್ಕೋಬಹುದು, ಆದ್ರೆ ಸ್ಲೈಡನ್ನ ನೇರವಾಗಿ ವ್ಯೂವರಲ್ಲಿ ನೋಡೋರಿಗೆ ಆ ದಾರಿ ಇಲ್ಲ, ಅಂಥಾ ಕ್ಯಾಮೆರಾ ಅವರು ತಗೋಬಾರ್ದು ಅನ್ನೋದೇ ನನ್ನ ಅಭಿಪ್ರಾಯ. ಎರಡು ಪರ್ಸೆಂಟ್ ಮೇಲೆ ಬಂದ್ರೆ ಒಂದು ಲೆನ್ಸ್ ಬೇರೆ ಕ್ಯಾಮೆರಾದ್ದು ಅಥವಾ ಮಧ್ಯದ ಗಾಜು ಉಲ್ಟಾ ಕೂತಿರಬಹುದು. ಆ ಗಾಜಿನ ಎರಡು ಮುಖದ ಬಾಗು ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ, ಆದ್ರೆ ಒಂದೇ ಅಲ್ಲ, ಬಿಚ್ಚಿದೋರು ಎಡವೋದು ಇಲ್ಲೇ.

ಎತ್ತರ, ಓರೆ

ಫಿಲ್ಮ್ ಕೂರೋ ಜಾಗಕ್ಕೆ ಗ್ರಾಫ್ ಇರೋ ಟ್ರೇಸಿಂಗ್ ಪೇಪರ್ ಹಾಕಿ, ಅವೆನ್ಯೂ ರೋಡಿನ ಸ್ಟೇಷನರಿ ಅಂಗಡಿಗಳಲ್ಲಿ ಸಿಗತ್ತೆ, ಎರಡೂ ಫ್ರೇಮಿಗೆ ಒಂದೇ ಉದ್ದದ ಪಟ್ಟಿ, ಗೆರೆ ಒಂದೇ ಮಟ್ಟಕ್ಕಿರ್ಬೇಕು. ಟ್ರೈಪಾಡ್ ಮೇಲೆ ಕ್ಯಾಮೆರಾ ಮಟ್ಟಸ ಇಟ್ಟು ದೂರದ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕೋ ಟವರ್ ತುದಿಯೋ ಎರಡೂ ಕಡೆ ಯಾವ ಗೆರೆ ಮೇಲೆ ಬೀಳತ್ತೆ ನೋಡಿ, ಭೂತಗನ್ನಡಿ ಬೇಕಾಗತ್ತೆ. 35 ಎಂಎಂ ಕ್ಯಾಮೆರಾದಲ್ಲಿ 0.1 ಎಂಎಂ ಒಳಗಿರ್ಬೇಕು, ಸ್ಪುಟ್ನಿಕ್‌ನಲ್ಲಿ 0.2ರವರೆಗೆ ಪರವಾಗಿಲ್ಲ. ತಪ್ಪಿದ್ರೆ ಮುಂದಿನ ಗಾಜಿನ ಬಳೆ ಥ್ರೆಡ್ಡಲ್ಲಿ ಓರೆ ಕೂತಿದ್ಯಾ ಮೊದ್ಲು ನೋಡಿ, ಲೆನ್ಸ್ ಹಲಗೆಯ ಸ್ಕ್ರೂ ಸಡಿಲ ಆಗಿದ್ಯಾ ಆಮೇಲೆ.

ರಾತ್ರಿ ಹೊತ್ತು ದೂರದ ಒಂದು ಬೀದಿದೀಪವನ್ನ ಫ್ರೇಮಿನ ಸರಿಯಾಗಿ ಮಧ್ಯಕ್ಕೆ ತಂದು, ಅಪರ್ಚರ್ ಪೂರ್ತಿ ತೆಗೆದು ನೋಡಿ. ಚುಕ್ಕಿ ದುಂಡಗಿರ್ಬೇಕು. ಮಧ್ಯದಲ್ಲೇ ಧೂಮಕೇತು ಥರ ಒಂದು ಕಡೆ ಬಾಲ ಬಂದ್ರೆ ಒಳಗೊಂದು ಗಾಜು ಓರೆ, ಟ್ರಿಪ್ಲೆಟ್ಟಲ್ಲಾದ್ರೆ ಮಧ್ಯದ್ದೇ ಅಂತ ಮೊದ್ಲು ಅನುಮಾನ ಪಡಿ. ಮೂಲೇಲಿ ಬಾಲ ಬಂದ್ರೆ ಅದು ಸಹಜ, ಆದ್ರೆ ನಾಲ್ಕೂ ಮೂಲೇಲಿ ಒಂದೇ ಅಳತೇಲಿರ್ಬೇಕು.

ಕ್ಲೀನಿಂಗು

ಬೆಂಗಳೂರಿನ ಜೂನ್ ಇಂದ ಅಕ್ಟೋಬರ್ ತೇವದಲ್ಲಿ ಫಂಗಸ್ ಬರೋದು ಖಾತ್ರಿ. ಬ್ಲೋವರ್, ಆಮೇಲೆ ಲೆನ್ಸ್ ಟಿಶ್ಯೂ ಮೇಲೆ ಒಂದೇ ಹನಿ ಲೆನ್ಸ್ ಕ್ಲೀನಿಂಗ್ ಲಿಕ್ವಿಡ್, ಮಧ್ಯದಿಂದ ಆಚೆಗೆ ಸುತ್ತುತ್ತಾ. ಟೆಸ್ಸಾರಿನ ಹಿಂದಿನ ಅಂಟಿಸಿದ ಗಾಜನ್ನ ಯಾವತ್ತೂ ಯಾವುದರಲ್ಲೂ ನೆನೆಹಾಕ್ಬೇಡಿ, ಅಂಟು ಬಿಡತ್ತೆ. ಎರಡೂ ಲೆನ್ಸನ್ನ ಒಂದೇ ದಿನ ಬಿಚ್ಚಬೇಡಿ, ಒಂದು ಪೂರ್ತಿ ಮುಗ್ಸಿ ಆಮೇಲೆ ಇನ್ನೊಂದು, ಗಾಜು ಅದಲುಬದಲಾದ್ರೆ ಕಂಪನೀಲಿ ಹೊಂದಿಸಿದ ಜೋಡಿ ಅಲ್ಲಿಗೆ ಮುಗೀತು. ಸ್ಪುಟ್ನಿಕ್ ಒಳಗೋಡೆ ಹೊಳೆಯೋ ಬೇಕಲೈಟು, ಬೆಳಕು ಒಳಗೇ ಕುಣಿದು ಕಾಂಟ್ರಾಸ್ಟ್ ಹಾಳು ಮಾಡತ್ತೆ, ಕಪ್ಪು ವೆಲ್ವೆಟ್ ಪೇಪರ್ ಅಂಟಿಸಿದ್ರೆ ಲೆನ್ಸೇ ಬದಲಾಯಿಸಿದಷ್ಟು ವ್ಯತ್ಯಾಸ ಕಾಣತ್ತೆ.

ಟೆಸ್ಟ್ ರೋಲು

35 ಎಂಎಂ ಲೆನ್ಸನ್ನ ಎಫ್/11ಕ್ಕಿಟ್ಟು 4.5 ಮೀಟರ್‌ಗೆ ಫೋಕಸ್ ಮಾಡಿದ್ರೆ ಸುಮಾರು 2.25 ಮೀಟರಿಂದ ದಿಗಂತದವರೆಗೂ ಶಾರ್ಪ್ ಬರತ್ತೆ. ರಿಯಲಿಸ್ಟಿನ ಕಿಟಕಿ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತಲ್ಲ, ಹತ್ರದ ವಸ್ತು ಎರಡು ಲೆನ್ಸ್ ನಡುವಿನ ದೂರದ 30 ಪಟ್ಟು ಆಚೆ ಇರ್ಬೇಕು ಅನ್ನೋ ಸ್ಟೀರಿಯೋದವರ ಲೆಕ್ಕಾನೂ 70 ಇಂಟು 30, 2.1 ಮೀಟರ್. ಲೆನ್ಸು, ಫ್ರೇಮು, ಕಿಟಕಿ, ಎಲ್ಲಾ ಒಂದೇ ಜಾಗದಲ್ಲಿ ಬಂದು ಸೇರೋ ಹಂಗೆ ಮಾಡಿದಾರೆ, ಇದನ್ನ ಮೊದಲ ಸಲ ಪೇಪರ್ ಮೇಲೆ ಲೆಕ್ಕ ಹಾಕಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಟೆಸ್ಟಿಗೆ ಲಾಲ್‌ಬಾಗ್ ಗಾಜಿನ ಮನೆಗಿಂತ ಒಳ್ಳೇ ಜಾಗ ಇಲ್ಲ. ಕಬ್ಬಿಣದ ಕಂಬಗಳು ಸಾಲಾಗಿ ಆಳಕ್ಕೆ ಹೋಗತ್ತೆ, ನೆಟ್ಟಗಿರೋ ಗೆರೆ ಬಾಗಿದ್ರೆ ಅಲ್ಲೇ ಗೊತ್ತಾಗತ್ತೆ, ಅಡ್ಡ ತೊಲೆಗಳಲ್ಲಿ ಎತ್ತರದ ವ್ಯತ್ಯಾಸ ಕಾಣತ್ತೆ. ಅಲ್ಲಿಂದ ಬಂಡೆ ಮೇಲೆ ಕೆಂಪೇಗೌಡ ಗೋಪುರದ ಹತ್ರ ಹೋಗಿ, ಊರಿನ ಕಡೆ ತಿರುಗಿ ಇನ್ಫಿನಿಟಿಗೆ ಒಂದು. ಸ್ಪುಟ್ನಿಕ್‌ನಲ್ಲಿ ಒಂದು 120 ರೋಲಿಗೆ ಆರೇ ಜೋಡಿ, ನಾನು ಹಂಚ್ಕೊಳ್ಳೋದು ಹಿಂಗೆ: ಗಾಜಿನ ಮನೆ ಎಫ್/8, ಎಫ್/11, ಎಫ್/16 ಒಂದೊಂದು, ಬಂಡೆ ಮೇಲಿಂದ ಎಫ್/4.5ರಲ್ಲಿ ಒಂದು, ಎಫ್/16ರಲ್ಲಿ ಒಂದು, ಕೊನೇದು ಸೂರ್ಯ ಫ್ರೇಮಿನಿಂದ ಸ್ವಲ್ಪ ಆಚೆ ಇರೋ ಹಂಗೆ ಫ್ಲೇರ್ (ಲೆನ್ಸ್ ಒಳಗೆ ಚದುರೋ ಬೆಳಕು) ನೋಡೋಕೆ. ಎಫ್/4.5ರದ್ದೇ ಮೊದ್ಲು ನೋಡಿ, ಇನ್ಫಿನಿಟಿ ತಪ್ಪಿದ್ರೆ ಅದು ಮುಚ್ಚಿಡಲ್ಲ. ಮೇಲಿನ ಎಡ ಮೂಲೇಲಿ ಯಾವುದಾದ್ರೂ ಒಂದು ಎಲೆ ಹುಡುಕಿ, ಎರಡೂ ನೆಗೆಟಿವಲ್ಲಿ ಅದು ಫ್ರೇಮಿನ ಮೇಲಂಚಿಂದ ಎಷ್ಟು ಎಂಎಂ ಅಂತ ಅಳೀರಿ, ಆಮೇಲೆ ಕೆಳಗಿನ ಬಲ ಮೂಲೇಲಿ ಇನ್ನೊಂದು. ನಂದ್ರಲ್ಲಿ ಈಗ ಎರಡರ ವ್ಯತ್ಯಾಸ ಮೇಲೆ 0.1 ಎಂಎಂ, ಕೆಳಗೆ 0.15 ಬರ್ತಿದೆ, ಅರ್ಧ ಗಂಟೆ ವ್ಯೂವರ್ ಹಿಡ್ಕೊಂಡು ಕೂತ್ರೂ ಹುಬ್ಬು ನೋಯಲ್ಲ.